ಸೋತವನ ಲೆಕ್ಕ ಇಡುವವರು: ಜಪಾನಿನ ಜಿ ಒನ್ ಕುಸ್ತಿ ಮತ್ತು ಅದರ ಪ್ರೇಕ್ಷಕರು

ಎಲ್ಲರಿಗೂ ನಮಸ್ಕಾರ.

ಕುಸ್ತಿಯ ಬಗ್ಗೆ ಒಂದು ಉಪನ್ಯಾಸ ಎಂದು ಆಮಂತ್ರಣದಲ್ಲಿ ಅಚ್ಚಾಗಿದ್ದನ್ನು ಕಂಡು ಗರಡಿಮನೆಯ ಮಾತು ಕೇಳಲು ಬಂದವರು ಯಾರಾದರೂ ಇದ್ದರೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಒಂದು ದಿನವೂ ಮಟ್ಟಿಗೆ ಇಳಿದವನಲ್ಲ, ಒಂದು ಪಟ್ಟೂ ಹಾಕಲು ಬಾರದು. ನನಗೆ ಬರುವುದು ನೋಡುವುದಷ್ಟೇ. ಅದೂ ಜಪಾನಿನ ವೃತ್ತಿಪರ ಕುಸ್ತಿಯನ್ನು, ಬೆಂಗಳೂರಿನಲ್ಲಿ ಕುಳಿತು, ಮಧ್ಯಾಹ್ನ ಮೂರು ಗಂಟೆಗೆ. ಟೋಕಿಯೋ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ಸಂಜೆ ಆರೂವರೆಗೆ ಮೊದಲ ಗಂಟೆ ಬಾರಿಸುವಾಗ ಇಲ್ಲಿ ಊಟವಾಗಿ ಕಣ್ಣು ಎಳೆಯುವ ಹೊತ್ತು. ಕಚೇರಿಯ ಮೇಜಿನ ಕೆಳಗೆ ಮೊಬೈಲ್ ಇಟ್ಟುಕೊಂಡು ಜಪಾನಿನ ಕುಸ್ತಿ ನೋಡಿದವನು ಈ ಊರಿನಲ್ಲಿ ನಾನೊಬ್ಬನೇ ಇರಲಾರೆ ಎಂಬ ಧೈರ್ಯದಲ್ಲಿ ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ.

ನನ್ನ ಕೈಯಲ್ಲಿರುವ ಈ ನೋಟ್‌ಬುಕ್ಕನ್ನು ಹಿಂದಿನ ಸಾಲಿನವರು ನೋಡಲಾರಿರಿ, ಆದ್ದರಿಂದ ಹೇಳುತ್ತೇನೆ. ಜುಲೈ ಬಂತೆಂದರೆ ಇದರ ಎರಡು ಪುಟಗಳಲ್ಲಿ ಸ್ಕೇಲು ಹಿಡಿದು ಚೌಕ ಎಳೆಯುತ್ತೇನೆ. ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಹತ್ತು ಹೆಸರು, ತಲೆಯ ಮೇಲೆ ಅಡ್ಡಕ್ಕೆ ಅದೇ ಹತ್ತು ಹೆಸರು. ಒಬ್ಬನ ಹೆಸರು ಅವನದೇ ಹೆಸರಿಗೆ ಎದುರಾಗುವ ಮನೆಗಳಿಗೆ ಓರೆಗೆರೆ. ಉಳಿದ ತೊಂಬತ್ತು ಮನೆಗಳು ಖಾಲಿ. ಇನ್ನೊಂದು ಪುಟದಲ್ಲಿ ಇನ್ನೊಂದು ಗುಂಪಿನ ತೊಂಬತ್ತು. ಇದನ್ನು ಜಪಾನಿನಲ್ಲಿ ಹೋಶಿತೋರಿ ಹ್ಯೋ ಎನ್ನುತ್ತಾರೆ, ನಕ್ಷತ್ರ ಗಳಿಕೆಯ ಪಟ್ಟಿ. ಸುಮೋದಿಂದ ಬಂದ ಮಾತು. ಗೆದ್ದವನಿಗೆ ಬಿಳಿ ನಕ್ಷತ್ರ, ಸೋತವನಿಗೆ ಕಪ್ಪು ನಕ್ಷತ್ರ. ಹೆಸರಿಗೆ ನಕ್ಷತ್ರ, ಬರೆಯುವಾಗ ಮಾತ್ರ ಒಂದು ದುಂಡು. ಖಾಲಿ ದುಂಡು ಗೆಲುವು, ತುಂಬಿದ ದುಂಡು ಸೋಲು. ಸೋಲನ್ನು ಬರೆಯಲು ಹೆಚ್ಚು ಹೊತ್ತು ಬೇಕು, ಪೆನ್ಸಿಲಿನಿಂದ ದುಂಡನ್ನು ತುಂಬಬೇಕಲ್ಲ.

ಈಗ ನಿಮ್ಮಲ್ಲಿ ಕೆಲವರ ತುಟಿಯಂಚಿನಲ್ಲಿ ಒಂದು ನಗೆ ಕಾಣುತ್ತಿದೆ. ಯಾರು ಗೆಲ್ಲುತ್ತಾರೆ ಎಂಬುದು ಮೊದಲೇ ನಿಶ್ಚಯವಾಗಿರುವ ಆಟಕ್ಕೆ ಅಂಕಪಟ್ಟಿ ಯಾಕೆ? ನನ್ನ ಮನೆಯವರೂ ಇದನ್ನೇ ಕೇಳುತ್ತಾರೆ, ಪ್ರತಿ ಜುಲೈಯಲ್ಲಿ. ಇವತ್ತಿನ ನನ್ನ ಮಾತೆಲ್ಲ ಅದಕ್ಕೆ ಉತ್ತರ. ಉತ್ತರ ಸುತ್ತು ಹೊಡೆದು ಬರುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಪಂದ್ಯಾವಳಿಯ ಹೆಸರು ಜಿ ಒನ್ ಕ್ಲೈಮ್ಯಾಕ್ಸ್. ಕುದುರೆ ಜೂಜಿನಲ್ಲಿ ಮೊದಲ ದರ್ಜೆಯ ಓಟಕ್ಕೆ ಇರುವ ಹೆಸರನ್ನು ಕುಸ್ತಿಗೆ ತಂದರು. ನಡೆಸುವವರು ನ್ಯೂ ಜಪಾನ್ ಪ್ರೊ ರೆಸ್ಲಿಂಗ್, 1972ರಲ್ಲಿ ಆಂಟೋನಿಯೋ ಇನೋಕಿ ಹುಟ್ಟುಹಾಕಿದ ಸಂಸ್ಥೆ. ನಮ್ಮಲ್ಲಿ ಅಂಡರ್‌ಟೇಕರ್‌ನ ಟ್ರಂಪ್ ಕಾರ್ಡು ಹಿಡಿದು ಬೆಳೆದ ಪೀಳಿಗೆಗೆ ಕುಸ್ತಿಯೆಂದರೆ ಅಮೆರಿಕದ್ದು, ಮೈಕು ಹಿಡಿದು ಹದಿನೈದು ನಿಮಿಷ ಬೈದಾಡಿ ಮೂರು ನಿಮಿಷ ಹೊಡೆದಾಡುವುದು. ಜಿ ಒನ್‌ನಲ್ಲಿ ಆ ಪ್ರಮಾಣ ತಿರುಗುಮುರುಗು. ಗೆದ್ದರೆ ಎರಡು ಅಂಕ, ಸಮವಾದರೆ ಒಂದೊಂದು, ಸೋತರೆ ಸೊನ್ನೆ. ನಾನು ನೋಡಲು ಶುರು ಮಾಡಿದ ವರ್ಷಗಳಲ್ಲಿ ಇಪ್ಪತ್ತು ಜನ, ಎರಡು ಗುಂಪು, ಒಬ್ಬೊಬ್ಬನಿಗೆ ಒಂಬತ್ತು ಪಂದ್ಯ, ಪ್ರತಿ ಪಂದ್ಯಕ್ಕೆ 30 ನಿಮಿಷದ ಮಿತಿ. ಇಬ್ಬರ ಅಂಕ ಸಮವಾದರೆ ಅವರಿಬ್ಬರೇ ಆಡಿದಾಗ ಯಾರು ಗೆದ್ದಿದ್ದರು ಎಂದು ನೋಡುತ್ತಾರೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಊರೂರು ತಿರುಗಾಟ, ಒಟ್ಟು ಹತ್ತೊಂಬತ್ತು ಪ್ರದರ್ಶನ. ಗುಂಪಿನಲ್ಲಿ ಮೊದಲ ಸ್ಥಾನ ಪಡೆದ ಇಬ್ಬರು ಕೊನೆಗೆ ಎದುರಾಗುತ್ತಿದ್ದರು, ಅದಕ್ಕೆ ಮಾತ್ರ ಕಾಲಮಿತಿ ಇಲ್ಲ. 2012ರಿಂದ ಹಲವು ವರ್ಷ, ಗೆದ್ದವನಿಗೆ ಬರುವ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ಚಾಂಪಿಯನ್ನನ ಎದುರು ಆಡುವ ಹಕ್ಕು ಸಿಗುತ್ತಿತ್ತು. ಅದನ್ನು ಒಂದು ಪತ್ರವಾಗಿ ಬರೆದು ಸೂಟ್‌ಕೇಸಿನಲ್ಲಿಟ್ಟು ಹೊತ್ತು ತಿರುಗುತ್ತಿದ್ದರು. ಆ ಸೂಟ್‌ಕೇಸು ನನಗೆ ಎಂದೂ ಹಿಡಿಸಿಲ್ಲ, ವಿಮೆ ಏಜೆಂಟರಂತೆ ಕಾಣುತ್ತಿದ್ದರು.

ನಿಯಮಗಳು ಆಗಾಗ ಬದಲಾಗುತ್ತವೆ. 2022ರಲ್ಲಿ 28 ಜನ, 2023ರಲ್ಲಿ 32 ಜನ ಮತ್ತು 20 ನಿಮಿಷದ ಮಿತಿ, 2024ರಲ್ಲಿ ಮತ್ತೆ ಇಪ್ಪತ್ತೇ ಜನ. 2022, 2023ರಲ್ಲಿ ನನ್ನ ನೋಟ್‌ಬುಕ್ಕಿನ ಪುಟ ಸಾಲಲಿಲ್ಲ, ನಾಲ್ಕು ಚೌಕ ಎಳೆಯಬೇಕಾಯಿತು. ಆ ಎರಡು ವರ್ಷಗಳ ಮೇಲೆ ನನ್ನ ಅಸಮಾಧಾನ ಇನ್ನೂ ಹೋಗಿಲ್ಲ.

ಮೊದಲ ಜಿ ಒನ್ 1991ರ ಆಗಸ್ಟ್‌ನಲ್ಲಿ. ಎಂಟೇ ಜನ. ಅವರಲ್ಲಿ ರಿಕಿ ಚೋಶು, ತತ್ಸುಮಿ ಫುಜಿನಾಮಿ ಎಂಬ ಇಬ್ಬರು ಹಳೆಯ ದೊಡ್ಡವರು, ವೇಡರ್‌ನಂಥ ಬೆಟ್ಟದಂಥ ವಿದೇಶಿಯರು, ಜೊತೆಗೆ ಕೇಜಿ ಮುತೋ, ಶಿನ್ಯಾ ಹಾಶಿಮೋತೋ, ಮಸಾಹಿರೋ ಚೋನೋ ಎಂಬ ಮೂವರು ಎಳೆಯರು. ಆ ಮೂವರಲ್ಲೂ ಜನ ಕೊನೆಗೆ ನೆನೆಯುತ್ತಿದ್ದ ಹೆಸರು ಚೋನೋನದು. ಆಗಸ್ಟ್ 11ರಂದು ರ‍್ಯೋಗೋಕು ಕೊಕುಗಿಕಾನ್‌ನಲ್ಲಿ ಅವನು ಮೊದಲು ಹಾಶಿಮೋತೋನನ್ನು, ಆಮೇಲೆ ಫೈನಲ್‌ನಲ್ಲಿ ಮುತೋನನ್ನು ಸೋಲಿಸಿಬಿಟ್ಟ. ಕೊಕುಗಿಕಾನ್ ಸುಮೋದ ಮನೆ. ಅಲ್ಲಿ ಕುರ್ಚಿಗಳ ಜೊತೆಗೆ ಚೌಕಾಕಾರದ ಕಟ್ಟೆಗಳಿವೆ, ಅದರಲ್ಲಿ ದಿಂಬು ಹಾಕಿಕೊಂಡು ಕೂರುತ್ತಾರೆ. ಸುಮೋದಲ್ಲಿ ಮಹಾಮಲ್ಲ ಯೊಕೊಜುನಾ ಸಣ್ಣವನೊಬ್ಬನ ಕೈಯಲ್ಲಿ ಸೋತರೆ ಪ್ರೇಕ್ಷಕರು ಆ ದಿಂಬುಗಳನ್ನು ಗಾಳಿಗೆ ಎಸೆಯುತ್ತಾರೆ. ಚೋನೋ ಗೆದ್ದಾಗಲೂ ದಿಂಬುಗಳು ಹಾರಿದವು. ಹಳೆಯ ವಿಡಿಯೋದಲ್ಲಿ ನೋಡಿ, ರಿಂಗಿನ ಮೇಲೆ ದಿಂಬುಗಳ ಮಳೆ. ನಾಲ್ಕು ವರ್ಷ ಹಿಂದೆ, 1987ರ ಡಿಸೆಂಬರ್‌ನಲ್ಲಿ, ಇದೇ ಕಟ್ಟಡದಲ್ಲಿ ಇದೇ ಸಂಸ್ಥೆಯ ಪ್ರೇಕ್ಷಕರು ತಮಗೆ ಮೋಸವಾಯಿತೆಂದು ದಾಂಧಲೆ ಎಬ್ಬಿಸಿ, ಸಂಸ್ಥೆಗೆ ಕೆಲವು ಕಾಲ ಆ ಬಾಗಿಲೇ ಮುಚ್ಚುವಂತೆ ಮಾಡಿದ್ದರು. ಆವತ್ತು ಸಿಟ್ಟಿಗೆ ಎಸೆದವರು ಈಗ ಸಂತೋಷಕ್ಕೆ ಎಸೆದರು.

ಚೋನೋ ಮುಂದೆ ಒಟ್ಟು ಐದು ಬಾರಿ ಗೆದ್ದು ಬೇಸಿಗೆಯ ಗಂಡಸು ಎಂದು ಹೆಸರಾದ. ಆದರೆ ಆ ವರ್ಷದ ಪಟ್ಟಿಯಲ್ಲಿ ನನ್ನ ಕಣ್ಣು ಹೋಗುವುದು ಚೋಶುವಿನ ಸಾಲಿಗೆ. ಮೂರು ಪಂದ್ಯ, ಮೂರೂ ಸೋಲು, ಸೊನ್ನೆ ಅಂಕ. ಆ ಕಾಲದಲ್ಲಿ ಚೋಶು ಬರೀ ಕುಸ್ತಿಪಟು ಆಗಿರಲಿಲ್ಲ. ಯಾರು ಯಾರ ಎದುರು, ಯಾರಿಗೆ ಗೆಲುವು ಎಂದು ತೀರ್ಮಾನಿಸುವ ಮೇಸ್ತ್ರಿಯೂ ಅವನೇ. ಪೆನ್ನು ಅವನ ಕೈಯಲ್ಲಿತ್ತು, ತನ್ನ ಹೆಸರಿನ ಮುಂದೆ ಸೊನ್ನೆ ಬರೆದುಕೊಂಡ. ಐದು ವರ್ಷ ಬಿಟ್ಟು, 1996ರಲ್ಲಿ, 44ನೆಯ ವಯಸ್ಸಿನಲ್ಲಿ ಅದೇ ಚೋಶು ಒಂದು ಪಂದ್ಯವನ್ನೂ ಸೋಲದೆ ಜಿ ಒನ್ ಗೆದ್ದ. ಫೈನಲ್‌ನಲ್ಲಿ ಎದುರಿದ್ದವನು ಚೋನೋ. 1996ರ ಆ ರಾತ್ರಿ ಕೊಕುಗಿಕಾನ್‌ನಲ್ಲಿ ಕಿರುಚಿದವರು ಐದು ವರ್ಷದ ಹಿಂದಿನ ಮೂರು ಕಪ್ಪು ದುಂಡುಗಳನ್ನು ಮರೆತಿರಲಿಲ್ಲ. ಮರೆತಿದ್ದರೆ ಅದು ವಯಸ್ಸಾದವನೊಬ್ಬನ ಗೆಲುವಷ್ಟೇ ಆಗಿರುತ್ತಿತ್ತು.

ಫಲಿತಾಂಶವನ್ನು ಒಳಗೆ ಯಾರೋ ಬರೆದಿಡುತ್ತಾರೆ, ನಿಜ. ಆದರೆ ಅದನ್ನು ಐದು ವರ್ಷ, ಹತ್ತು ವರ್ಷ ಜೋಪಾನ ಮಾಡುವವರು ಹೊರಗಿನವರು. ಬರೆದವನಿಗೇ ಮರೆತುಹೋದದ್ದನ್ನು ಇವರು ನೆನಪಿಟ್ಟಿರುತ್ತಾರೆ. ಸೋಲಿಗೆ ಬೆಲೆ ಬರುವುದು ಯಾರೋ ಅದನ್ನು ಬರೆದಿಟ್ಟುಕೊಂಡಾಗ. ಹಾಗೆ ಬರೆದಿಟ್ಟುಕೊಳ್ಳುವವರನ್ನು ನಾನು ಅಭಿಮಾನಿ ಎನ್ನುತ್ತಿದ್ದೇನೆ. ಶಿಳ್ಳೆ ಹೊಡೆಯುವವರೆಲ್ಲ ಅಭಿಮಾನಿಗಳೇ, ಸರಿ, ಆದರೆ ನಾನು ಹೇಳುತ್ತಿರುವುದು ಈ ಲೆಕ್ಕದವರ ವಿಷಯ.

ಒಂದು ಸಂಜೆಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. 2019ರ ಆಗಸ್ಟ್ 3, ಶನಿವಾರ, ಒಸಾಕಾ. ಕಜುಚಿಕಾ ಓಕಾದಾ ಎದುರು ಸನಾದಾ. ಓಕಾದಾ ಆಗ ಚಾಂಪಿಯನ್, ಆ ವರ್ಷದ ಜಿ ಒನ್‌ನಲ್ಲಿ ಅಲ್ಲಿಯವರೆಗೆ ಒಂದೂ ಸೋತಿರಲಿಲ್ಲ. ಸನಾದಾ ನ್ಯೂ ಜಪಾನ್‌ಗೆ ಬಂದ ಮೇಲೆ ಓಕಾದಾನನ್ನು ಒಂದು ಸಲವೂ ಸೋಲಿಸಿರಲಿಲ್ಲ. ಅದೇ ಮಾರ್ಚಿನಲ್ಲಿ ನಾಗಾವೋಕಾದಲ್ಲಿ ಸೋತಿದ್ದ, ಮೇ ತಿಂಗಳಲ್ಲಿ ಫುಕುವೋಕಾದಲ್ಲಿ ಸೋತಿದ್ದ. ಮಾತು ಕಡಿಮೆ, ಮುಖ ಚೆನ್ನ, ಮೈ ಬೆಣ್ಣೆಯಂತೆ ಬಾಗುತ್ತದೆ, ಆದರೆ ಒಳಗೆ ಬೆಂಕಿ ಇಲ್ಲ ಎಂದು ನಾನೇ ಅವನ ಸಾಲಿನ ಪಕ್ಕದಲ್ಲಿ ಬರೆದಿದ್ದೆ. ಇಲ್ಲಿದೆ ನೋಡಿ, ಬರೆದು ಅಳಿಸಿದ ಗುರುತು.

ಜಪಾನಿನಲ್ಲಿ ಪ್ರತಿ ಐದು ನಿಮಿಷಕ್ಕೆ ಉದ್ಘೋಷಕರು ಸಮಯ ಕೂಗುತ್ತಾರೆ. ಜುಪ್ಪುನ್ ಕೇಕಾ, ಹತ್ತು ನಿಮಿಷ ಕಳೆಯಿತು. ನಿಜುಪ್ಪುನ್ ಕೇಕಾ, ಇಪ್ಪತ್ತು ಕಳೆಯಿತು. ನಾನು ಕಲಿತ ಮೊದಲ ಜಪಾನಿ ಪದಗಳು ಇವೇ. ಇಪ್ಪತ್ತೈದು ದಾಟಿದ ಮೇಲೆ ಲೆಕ್ಕ ತಿರುಗುತ್ತದೆ, ಕಳೆದದ್ದನ್ನು ಬಿಟ್ಟು ಉಳಿದದ್ದನ್ನು ಕೂಗುತ್ತಾರೆ. ನೊಕೊರಿ ಸಂಪುನ್, ಇನ್ನು ಮೂರು ನಿಮಿಷ. ನೊಕೊರಿ ಇಪ್ಪುನ್, ಇನ್ನೊಂದು ನಿಮಿಷ. ಆ ಕೂಗು ಬಂದಾಗ ಒಸಾಕಾದ ಸಭಾಂಗಣದಲ್ಲಿ ಎದ್ದ ಸದ್ದು ನಿರಾಸೆಯದು. ಎಲ್ಲರೂ ಮನಸ್ಸಿನಲ್ಲೇ ಒಂದೊಂದು ಅಂಕ ಹಂಚಿ ಮುಗಿಸಿದ್ದರು. ನಾನೂ ಆ ಮನೆಯಲ್ಲಿ ಸಮದ ತ್ರಿಕೋನ ಬರೆಯಲು ಪೆನ್ಸಿಲ್ ಇಟ್ಟಿದ್ದೆ. ಆಗ ಸನಾದಾ ಮೂಲೆಯ ಕಂಬ ಹತ್ತಿದ, ಬೆನ್ನು ತಿರುಗಿಸಿ ಹಿಂದಕ್ಕೆ ಲಾಗ ಹಾಕಿ ಓಕಾದಾನ ಮೇಲೆ ಬಿದ್ದ. ರೆಫರಿಯ ಕೈ ಮೂರು ಸಲ ನೆಲ ಬಡಿಯಿತು. ಗಡಿಯಾರದಲ್ಲಿ ಹದಿನೈದು ಸೆಕೆಂಡೂ ಉಳಿದಿರಲಿಲ್ಲ.

ಅಲ್ಲಿ ನಡೆದದ್ದನ್ನು ವಿವರಿಸಲು ನನಗೆ ಒಂದೇ ದಾರಿ ಇದೆ. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿದಾಗ ಬೇರೆ ಬೇರೆ ವಯಸ್ಸಿನವರು, ಒಬ್ಬರಿಗೊಬ್ಬರು ಗುರುತಿಲ್ಲದವರು, ಪಕ್ಕದವರ ಕೈ ಹಿಡಿದು ಕುಣಿಯುತ್ತಿದ್ದರು. ನಾನು ತ್ರಿಕೋನದ ಒಂದು ಗೆರೆ ಎಳೆದುಬಿಟ್ಟಿದ್ದೆ. ಆ ಮನೆಯಲ್ಲಿ ಇವತ್ತಿಗೂ ಒಂದು ಓರೆಗೆರೆಯ ಮೇಲೆ ಒಂದು ದುಂಡು ಕೂತಿದೆ. ಆ ವರ್ಷ ಓಕಾದಾ ಮತ್ತು ಕೋತಾ ಇಬುಶಿ ಇಬ್ಬರಿಗೂ 14 ಅಂಕವಾಯಿತು. ಗುಂಪಿನ ಕೊನೆಯ ದಿನ ಟೋಕಿಯೋದ ದೊಡ್ಡ ಸಭಾಂಗಣ ಬುದೋಕಾನ್‌ನಲ್ಲಿ ಇಬುಶಿ ಓಕಾದಾನನ್ನು ಸೋಲಿಸಿದ್ದರಿಂದ ಅವನೇ ಫೈನಲ್‌ಗೆ ಹೋದ, ಕಪ್ಪನ್ನೂ ಗೆದ್ದ. ಅಂದರೆ ಒಸಾಕಾದ ಆ ಹದಿನೈದು ಸೆಕೆಂಡು ಸನಾದಾನಿಗೆ ಏನೂ ಕೊಡಲಿಲ್ಲ, ಓಕಾದಾನಿಂದ ಎಲ್ಲವನ್ನೂ ಕಿತ್ತುಕೊಂಡಿತು. ಅಂಕಪಟ್ಟಿ ಇಲ್ಲದೆ ಈ ಚೋದ್ಯ ತಿಳಿಯುವುದಿಲ್ಲ.

ಸುಳ್ಳಲ್ಲವೇ ಎಂಬ ಪ್ರಶ್ನೆಗೆ ಎರಡು ಮಾತು. ಕತ್ಸುಯೋರಿ ಶಿಬಾತಾ ಎಂಬುವನು 2017ರ ಏಪ್ರಿಲ್ 9ರಂದು ಕೊಕುಗಿಕಾನ್‌ನಲ್ಲಿ ಓಕಾದಾನಿಗೆ ತಲೆಯಿಂದ ಡಿಕ್ಕಿ ಹೊಡೆದ. ಕೈ ಅಡ್ಡ ಇಡದೆ, ನಿಜವಾಗಿ. ಶಿಬಾತಾನ ಹಣೆಯಿಂದಲೇ ರಕ್ತ ಇಳಿಯಿತು. ಪಂದ್ಯ ಮುಗಿದ ಮೇಲೆ ಅವನ ಮೆದುಳಿನ ಹೊದಿಕೆಯ ಕೆಳಗೆ ರಕ್ತ ಹೆಪ್ಪುಗಟ್ಟಿ ಶಸ್ತ್ರಚಿಕಿತ್ಸೆಯಾಯಿತು. ಅದೇ ಆಗಸ್ಟ್ 13ರಂದು, ಜಿ ಒನ್ ಫೈನಲ್ ದಿನ, ಮುನ್ಸೂಚನೆ ಇಲ್ಲದೆ ಶಿಬಾತಾ ಅದೇ ರಿಂಗಿಗೆ ನಡೆದು ಬಂದು ಮೈಕು ತೆಗೆದುಕೊಂಡು ಹೇಳಿದ್ದು ಇಷ್ಟು: ಬದುಕಿದ್ದೇನೆ, ಅಷ್ಟೇ. ಹೋಗಿಬಿಟ್ಟ. ಗೆಲುವು ಮೊದಲೇ ಗೊತ್ತಿರಬಹುದು, ಮೈಗೆ ಮೊದಲೇ ಗೊತ್ತಿರುವುದಿಲ್ಲ. ಇಷ್ಟು ಹೇಳಿದ ಮೇಲೂ, ಆ ಡಿಕ್ಕಿ ಹೊಡೆಯಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ, ಆ ಪಾಲು ನನ್ನದೂ ಹೌದು.

ಅಲ್ಲಿನ ಪ್ರೇಕ್ಷಕರ ಸಣ್ಣಪುಟ್ಟ ರೂಢಿಗಳ ಬಗ್ಗೆ ಹೇಳಲೇಬೇಕು. ತಮ್ಮ ಮೆಚ್ಚಿನವನು ರಿಂಗಿಗೆ ಬಂದಾಗ ಬಣ್ಣದ ಕಾಗದದ ಸುರುಳಿ ಎಸೆಯುತ್ತಾರೆ, ಗಾಳಿಯಲ್ಲಿ ಬಿಚ್ಚಿಕೊಂಡು ಹಗ್ಗಗಳ ಮೇಲೆ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಸುರುಳಿಯ ನಡುವೆ ರಟ್ಟಿನ ಗಟ್ಟಿ ತಿರುಳು ಇರುತ್ತದೆ. ಯಾರ ತಲೆಗಾದರೂ ತಾಗೀತು ಎಂದು ಅಭಿಮಾನಿಗಳು ಅದನ್ನು ಪೂರ್ತಿ ಬಿಚ್ಚಿ, ತಿರುಳು ತೆಗೆದು, ಕೈಯಲ್ಲಿ ಮತ್ತೆ ಸುತ್ತಿಕೊಂಡು ಬರುತ್ತಾರೆ. ನಾಲ್ಕು ಸೆಕೆಂಡಿನ ಎಸೆತಕ್ಕೆ ಹಿಂದಿನ ರಾತ್ರಿಯ ಕೆಲಸ. ಎಸೆದದ್ದನ್ನು ಬಾಚಿ ಒಯ್ಯುವವರು ಕಪ್ಪು ಚಡ್ಡಿ, ಕಪ್ಪು ಬೂಟಿನ ಹೊಸ ಹುಡುಗರು. ಅವರನ್ನು ಯಂಗ್ ಲಯನ್ ಎನ್ನುತ್ತಾರೆ. ಇವತ್ತು ಕಾಗದ ಬಾಚುತ್ತಿರುವವನ ಹೆಸರನ್ನು ಕೂಡ ನೆನಪಿಡುವ ಹಿರಿಯ ಅಭಿಮಾನಿಗಳಿದ್ದಾರೆ, ಮುಂದೆ ಬೇಕಾಗುತ್ತದೆ ಎಂದು. ಟೋಕಿಯೋದ ಕೊರಾಕುಯೆನ್ ಹಾಲ್ ಎಂಬ ಪುಟ್ಟ ಸಭಾಂಗಣ ಒಂದು ಕಟ್ಟಡದ ಐದನೆಯ ಮಹಡಿಯಲ್ಲಿದೆ, 1962ರದ್ದು. ಅದರ ಮೆಟ್ಟಿಲ ಗೋಡೆಗಳ ತುಂಬ ದಶಕಗಳಿಂದ ಅಭಿಮಾನಿಗಳು ಗೀಚಿದ ಬರಹ. ಚಿತ್ರಗಳಲ್ಲಿ ನೋಡಿದ್ದೇನೆ. 2013ರ ಆಗಸ್ಟ್ 2ರಂದು ಅಲ್ಲೇ ತೊಮೊಹಿರೋ ಇಶೀ, ಕುಳ್ಳಗೆ, ದಪ್ಪಗೆ, ಕತ್ತೇ ಇಲ್ಲದಂತಿರುವ ಮನುಷ್ಯ, ತನ್ನ ಮೊದಲ ಜಿ ಒನ್‌ನಲ್ಲಿ ಸಂಸ್ಥೆಯ ಮುಕುಟಮಣಿ ಹಿರೋಶಿ ತಾನಾಹಾಶಿಯನ್ನು ಸೋಲಿಸಿದ. ಇಶೀ ಒಮ್ಮೆಯೂ ಜಿ ಒನ್ ಗೆದ್ದಿಲ್ಲ. ಆದರೂ ಯಾವ ಅಭಿಮಾನಿಯನ್ನು ಕೇಳಿದರೂ ಪ್ರತಿ ವರ್ಷ ಅವನ ಪಂದ್ಯಗಳನ್ನು ಮೊದಲು ಗುರುತು ಹಾಕಿಕೊಳ್ಳುತ್ತಿದ್ದೆ ಎನ್ನುತ್ತಾನೆ. 2016ರಲ್ಲಿ ಇನ್ನೊಂದು ನಡೆಯಿತು. ಮೂರು ಬಾರಿ ಗೆದ್ದಿದ್ದ ತೆನ್‌ಜಾನ್ ಆ ವರ್ಷದ ಪಟ್ಟಿಯಲ್ಲಿ ಇರಲಿಲ್ಲ. ಹಳೆಯ ಜೊತೆಗಾರ ಕೋಜಿಮಾ ತನಗೆ ಬಂದ ಜಾಗವನ್ನು ಅವನಿಗೆ ಬಿಟ್ಟುಕೊಟ್ಟ. ಅದು ಯಾರ ಯೋಜನೆ, ಎಷ್ಟು ನಾಟಕ ಎಂದು ಆ ವರ್ಷ ಯಾರೂ ಕೇಳಲಿಲ್ಲ.

ಅಭಿಮಾನಿಗಳೆಲ್ಲ ಸಜ್ಜನರು ಎಂದು ತಿಳಿಯಬೇಡಿ. ಇನೋಕಿಯ ಕಾಲದ ಹಳಬರು ತಾನಾಹಾಶಿಯನ್ನು ಮೊದಲಿಗೆ ಒಪ್ಪಲೇ ಇಲ್ಲ. ಉದ್ದ ಕೂದಲು, ಗಾಳಿಯಲ್ಲಿ ಗಿಟಾರು ನುಡಿಸುವುದು, ಕೊನೆಗೆ ನಿಮ್ಮೆಲ್ಲರನ್ನೂ ಪ್ರೀತಿಸುತ್ತೇನೆ ಎಂದು ಕೂಗುವುದು, ಇದೆಂಥ ಕುಸ್ತಿ ಎಂದು ಮೂದಲಿಸಿದರು. ಸಭಾಂಗಣಗಳು ಅರ್ಧ ಖಾಲಿಯಾಗಿದ್ದ ಕಾಲ ಅದು. 2012ರಲ್ಲಿ ಬುಶಿರೋಡ್ ಎಂಬ ಕಾರ್ಡ್ ಆಟಗಳ ಕಂಪನಿ ಸಂಸ್ಥೆಯನ್ನು ಕೊಂಡಿತು. ಅದರ ಮುಖ್ಯಸ್ಥ ತಕಾಆಕಿ ಕಿದಾನಿ ಆಡಿದ ಒಂದು ಮಾತು ಜಪಾನಿನಲ್ಲಿ ಇವತ್ತಿಗೂ ಚಲಾವಣೆಯಲ್ಲಿದೆ: ಯಾವುದೇ ಪ್ರಕಾರವನ್ನು ಹಾಳುಮಾಡುವವರು ಅದರ ಹುಚ್ಚು ಹಿಡಿದವರೇ. ಹೊಸಬರು ಒಳಗೆ ಬರದಂತೆ ಬಾಗಿಲಲ್ಲಿ ಪರೀಕ್ಷೆ ಇಡುವವರ ಬಗ್ಗೆ ಆ ಮಾತು. ಆ ಬೇಸಿಗೆ ಟೋಕಿಯೋದ ಯಮಾನೋತೆ ರೈಲಿನಲ್ಲಿ ಜಿ ಒನ್ ಜಾಹೀರಾತುಗಳು ಓಡಾಡಿದವು. ಕೆಲವೇ ವರ್ಷಗಳಲ್ಲಿ ಸಭಾಂಗಣಗಳಲ್ಲಿ ಹೆಂಗಸರು, ಮಕ್ಕಳು ಕಾಣತೊಡಗಿದರು. ಕುಸ್ತಿ ನೋಡುವ ಯುವತಿಯರಿಗೆ ಪು ಜೋಶಿ ಎಂಬ ಹೊಸ ಪದವೇ ಹುಟ್ಟಿತು. 2014ರ ಡಿಸೆಂಬರ್‌ನಲ್ಲಿ ತಿಂಗಳಿಗೆ 999 ಯೆನ್‌ಗೆ ಅಂತರಜಾಲದಲ್ಲಿ ನೇರಪ್ರಸಾರ ಶುರುವಾಯಿತು. ನಾನು ಒಳಗೆ ನುಗ್ಗಿದ್ದು ಆ ಬಾಗಿಲಿನಿಂದ. ಆದ್ದರಿಂದ ಕಿದಾನಿಯ ಪಕ್ಷ ವಹಿಸುವುದು ನನಗೆ ಸುಲಭ. ಆದರೂ ಲೆಕ್ಕ ಇಟ್ಟವರು ಆ ಹುಚ್ಚರೇ ಎಂಬುದನ್ನು ಅವನು ಮರೆತ ಎಂದು ಅನ್ನಿಸುತ್ತದೆ. ಖಾಲಿ ಸಭಾಂಗಣದಲ್ಲಿ ಕೂತು ತಾನಾಹಾಶಿಯನ್ನು ಬೈದವರು ಇಲ್ಲದಿದ್ದರೆ 2018ರಲ್ಲಿ, 41ನೆಯ ವಯಸ್ಸಿನಲ್ಲಿ, ಸವೆದ ಮೊಣಕಾಲುಗಳಲ್ಲಿ ಅವನು ಬುದೋಕಾನ್‌ನಲ್ಲಿ ಮೂರನೆಯ ಜಿ ಒನ್ ಗೆದ್ದಾಗ ಅಳುವವರು ಯಾರಿರುತ್ತಿದ್ದರು?

ಈಗ ತೆತ್ಸುಯಾ ನಾಯ್ತೋ. ಇವನ ಕಥೆಗಾಗಿಯೇ ನಾನು ಇವತ್ತು ಬಂದದ್ದು ಎಂದರೂ ತಪ್ಪಿಲ್ಲ.

ನಾಯ್ತೋ ಹುಡುಗನಾಗಿದ್ದಾಗ ಪ್ರೇಕ್ಷಕರ ಸಾಲಿನಲ್ಲಿ ಕೂತವನು, ಮುತೋನ ಅಭಿಮಾನಿ. ಟೋಕಿಯೋ ಡೋಮ್‌ನ ಜನವರಿ 4ರ ಪ್ರದರ್ಶನದಲ್ಲಿ ಕೊನೆಯ ಪಂದ್ಯ ಆಡಬೇಕು ಎಂಬುದು ಅವನ ಬಾಲ್ಯದ ಕನಸು. 2013ರಲ್ಲಿ ಮೊಣಕಾಲಿನ ಗಾಯದಿಂದ ಮರಳಿ ಬಂದು ಜಿ ಒನ್ ಗೆದ್ದ, ಫೈನಲ್‌ನಲ್ಲಿ ತಾನಾಹಾಶಿಯನ್ನೇ ಸೋಲಿಸಿ. ಕನಸಿನ ಚೀಟಿ ಕೈಗೆ ಬಂದಿತ್ತು. ಆದರೆ ಪ್ರೇಕ್ಷಕರಿಗೆ ಅವನು ಹಿಡಿಸಲಿಲ್ಲ. ಸಂಸ್ಥೆ ತಮ್ಮ ಮೇಲೆ ಹೇರುತ್ತಿರುವ ಒಳ್ಳೆಯ ಹುಡುಗ ಎಂದು ಕೂಗಿ ಅಣಕಿಸಿದರು, ಒಸಾಕಾದಲ್ಲಂತೂ ಜೋರಾಗಿಯೇ. ಆಗ ಸಂಸ್ಥೆ ಒಂದು ಕೆಲಸ ಮಾಡಿತು. ಜನವರಿ 4ರಂದು ಕೊನೆಯಲ್ಲಿ ಯಾವ ಪಂದ್ಯ ಇರಬೇಕು ಎಂದು ಅಭಿಮಾನಿಗಳ ಮತ ಕೇಳಿತು. ಚಾಂಪಿಯನ್ ಓಕಾದಾ ಎದುರು ನಾಯ್ತೋ, ಇಲ್ಲವೇ ಎರಡನೆಯ ದರ್ಜೆಯ ಪಟ್ಟಕ್ಕಾಗಿ ನಾಕಾಮುರಾ ಎಂಬ ಇನ್ನೊಬ್ಬ ತಾರೆಯ ಎದುರು ತಾನಾಹಾಶಿ. ಜನ ಎರಡನೆಯದನ್ನು ಆರಿಸಿದರು. ಜಿ ಒನ್ ಗೆದ್ದವನ ಪಂದ್ಯ ಕೊನೆಯದಕ್ಕಿಂತ ಒಂದು ಮುಂಚೆ ನಡೆಯಿತು, ಅವನು ಅದನ್ನೂ ಸೋತ.

ಕುಸ್ತಿಯ ಫಲಿತಾಂಶ ನಿಶ್ಚಿತ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು. ಅವನು ಸೋತದ್ದು ಓಕಾದಾನಿಗೆ ಎಂದು ಯಾರೂ ತಿಳಿಯಲಿಲ್ಲ. ಅವನನ್ನು ಸೋಲಿಸಿದವರು ಅಭಿಮಾನಿಗಳು, ಮತ ಹಾಕಿ. ಅದು ಯಾವ ಮೇಸ್ತ್ರಿಯ ಪುಸ್ತಕದಲ್ಲೂ ಇರಲಿಲ್ಲ.

2015ರಲ್ಲಿ ನಾಯ್ತೋ ಮೆಕ್ಸಿಕೋಗೆ ಹೋಗಿ ಅಲ್ಲಿನ ಕಿಡಿಗೇಡಿಗಳ ಗುಂಪೊಂದನ್ನು ಸೇರಿ ಬೇರೆ ಮನುಷ್ಯನಾಗಿ ಮರಳಿದ. ಇನ್ನು ಯಾರನ್ನೂ ಮೆಚ್ಚಿಸುವುದಿಲ್ಲ ಎಂಬ ಭಂಗಿ. ಬಿಳಿ ಸೂಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತ ನಿಮಿಷಗಟ್ಟಲೆ ಎದುರಾಳಿಯನ್ನು ಕಾಯಿಸುವುದು, ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ತೋರಿಸುವುದು, ಆತುರ ಬೇಡ ಎಂಬ ಅರ್ಥದ ತ್ರಾಂಕಿಲೋ ಎಂಬ ಸ್ಪ್ಯಾನಿಷ್ ಮಾತು. ಬೈದವರೇ ಮುಗಿಬಿದ್ದರು. ಮೆಚ್ಚಿಸಲು ಹೊರಟಾಗ ಒಲಿಯದ ಜನ ಧಿಕ್ಕರಿಸಿದಾಗ ಒಲಿದರು. 2017ರಲ್ಲಿ ಅವನು ಮತ್ತೆ ಜಿ ಒನ್ ಗೆದ್ದಾಗ, ಈ ಸಲ ಮತದಾನ ಇಲ್ಲ ತಾನೇ ಎಂದು ಎಲ್ಲರೂ ನಕ್ಕರು. 2018ರ ಜನವರಿ 4ರಂದು ಕೊನೆಯ ಪಂದ್ಯ ಅವನದೇ, ಆದರೆ ಸೋತ. 2020ರ ಜನವರಿ 5ರಂದು ಓಕಾದಾನನ್ನು ಕೊನೆಗೂ ಸೋಲಿಸಿದ. ಜಪಾನಿನಲ್ಲಿ ಅವನು ಕಟ್ಟಿಕೊಂಡ ಗುಂಪಿಗೆ ಒಂದು ಪದ್ಧತಿ ಇತ್ತು. ಗೆದ್ದ ಮೇಲೆ ಗುಂಪಿನವರ ಹೆಸರುಗಳನ್ನೆಲ್ಲ ಒಂದೊಂದಾಗಿ ಕೂಗಿ, ಕೊನೆಯಲ್ಲಿ ಗುಂಪಿನ ಹೆಸರಾದ ಲೋಸ್ ಇಂಗೋಬರ್ನಾಬ್ಲೆಸ್ ದೆ ಹಪೋನ್ ಎನ್ನುವಾಗ ಸಭಾಂಗಣವೆಲ್ಲ ಜೊತೆಗೂಡುತ್ತಿತ್ತು. ಡೋಮ್‌ನಲ್ಲಿ ಸಾವಿರಾರು ಜನ ಉಸಿರು ಹಿಡಿದು ಕಾಯುತ್ತಿದ್ದರು. ಕೆಂಟಾ ಎಂಬುವನು ಹಿಂದಿನಿಂದ ಬಂದು ನಾಯ್ತೋನನ್ನು ಕೆಡವಿ, ಅವನ ಮೇಲೆ ಕುಳಿತುಬಿಟ್ಟ. ಕೂಗು ಗಂಟಲಲ್ಲೇ ಉಳಿಯಿತು.

ಮುಂದಿನದು ಯಾರೂ ಬರೆದ ಕಥೆಯಲ್ಲ. ಎರಡು ತಿಂಗಳೊಳಗೆ ಕೊರೊನಾ. ಪ್ರದರ್ಶನಗಳು ನಿಂತವು. ಬೇಸಿಗೆಯಲ್ಲಿ ಪ್ರೇಕ್ಷಕರು ಮರಳಿದಾಗ ಷರತ್ತು ಒಂದೇ: ಬಾಯಿ ತೆರೆಯಬಾರದು. ಚಪ್ಪಾಳೆ ತಟ್ಟಬಹುದು, ಕಾಲು ಕುಟ್ಟಬಹುದು. 2020 ಮತ್ತು 2021ರ ಜಿ ಒನ್ ಶರತ್ಕಾಲಕ್ಕೆ ಹೋದವು. ಆ ಎರಡು ವರ್ಷ ನೋಡಿದ ನೆನಪು ನನಗೆ ಕಿವಿಯಲ್ಲಿದೆ. ಬೂಟಿನ ಕಿರುಗುಟ್ಟುವಿಕೆ, ಎದೆಗೆ ಅಂಗೈ ಬಡಿದ ಸದ್ದು ಛಾವಣಿಗೆ ಹೋಗಿ ಮರಳುವುದು, ಸೋತವನ ಏದುಸಿರು. ಇಷ್ಟು ದಿನ ಇದೆಲ್ಲ ಜನರ ಗದ್ದಲದ ಕೆಳಗೆ ಇತ್ತು. 2021ರ ಅಕ್ಟೋಬರ್ 21ರ ಫೈನಲ್‌ನಲ್ಲಿ ಇಬುಶಿ ಎತ್ತರದಿಂದ ಹಾರಿ ಬಿದ್ದು ಭುಜ ಕಳಚಿಕೊಂಡ, ರೆಫರಿ ಪಂದ್ಯ ನಿಲ್ಲಿಸಿದ, ಓಕಾದಾ ಗೆದ್ದ ಎಂದರು. ಸಾವಿರಾರು ಜನರಿದ್ದ ಬುದೋಕಾನ್‌ನಲ್ಲಿ ಯಾರೂ ಅಯ್ಯೋ ಎನ್ನಲಿಲ್ಲ. ಅದೇ ರಾತ್ರಿ ಶಿಬಾತಾ, ನಾಲ್ಕೂವರೆ ವರ್ಷದ ನಂತರ, ಝ್ಯಾಕ್ ಸೇಬರ್ ಜೂನಿಯರ್ ಎಂಬ ಇಂಗ್ಲಿಷ್ ಕುಸ್ತಿಪಟುವಿನ ಜೊತೆ ಐದು ನಿಮಿಷ ಪಟ್ಟು ಹಾಕಿ ತೋರಿಸಿದ. ಬದುಕಿದ್ದೇನೆ ಎಂದು ಹೇಳಿ ಹೋದವನು ಮರಳಿ ಬಂದರೆ ಹೆಸರು ಹಿಡಿದು ಕೂಗುವ ಹಾಗಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಕೆಲವರು ಮುಖಕವಚದ ಮೇಲೆ ಕೈ ಒತ್ತಿಕೊಂಡು ಕೂತಿದ್ದರು.

2023ರ ಆಗಸ್ಟ್ 13. ಗಂಟಲುಗಳು ಮರಳಿದ್ದವು. ಕೊಕುಗಿಕಾನ್‌ನಲ್ಲಿ ನಾಯ್ತೋ ಓಕಾದಾನನ್ನು ಸೋಲಿಸಿ ಮೂರನೆಯ ಜಿ ಒನ್ ಗೆದ್ದ. ಅದೇ ವರ್ಷದ ಫೆಬ್ರವರಿಯಲ್ಲಿ ಒಂದು ಸಂಗತಿ ನಡೆದಿತ್ತು, ಅದನ್ನು ಬಿಡಲಾರೆ. ಬಾಲ್ಯದಲ್ಲಿ ನಾಯ್ತೋ ಆರಾಧಿಸಿದ ಮುತೋ ತನ್ನ ವಿದಾಯ ಪಂದ್ಯಕ್ಕೆ ನಾಯ್ತೋನನ್ನೇ ಆರಿಸಿಕೊಂಡ, ಸೋತ. ಸೋತ ಮೇಲೆ ವೀಕ್ಷಕ ವಿವರಣೆಯ ಮೇಜಿನಲ್ಲಿ ಕೂತಿದ್ದ ಚೋನೋನನ್ನು ರಿಂಗಿಗೆ ಕರೆದ. ಇಬ್ಬರೂ ಅರವತ್ತರ ಆಸುಪಾಸಿನವರು. 1984ರ ಅಕ್ಟೋಬರ್ 5ರಂದು ಇಬ್ಬರ ಮೊದಲ ಪಂದ್ಯವೂ ಒಂದೇ, ಒಬ್ಬರ ಎದುರು ಒಬ್ಬರು. 1991ರಲ್ಲಿ ದಿಂಬು ಹಾರಿದ ರಾತ್ರಿಯೂ ಇವರೇ. ಚೋನೋ ತನ್ನ ಹಳೆಯ ಪಟ್ಟು ಹಾಕಿದ, ಮುತೋ ಕೈ ತಟ್ಟಿ ಸೋಲೊಪ್ಪಿದ. ಒಂದೆರಡು ನಿಮಿಷ. ಯಾವ ಅಂಕಪಟ್ಟಿಗೂ ಸೇರದ ಪಂದ್ಯ ಅದು, ನಾನು ಅಂಚಿನಲ್ಲಿ ಬರೆದುಕೊಂಡೆ.

2024ರ ಜನವರಿ 4ರಂದು ಡೋಮ್‌ನಲ್ಲಿ ಚಾಂಪಿಯನ್ ಯಾರಿದ್ದ ಗೊತ್ತೇ? ಸನಾದಾ, ಒಸಾಕಾದ ಆ ಹದಿನೈದು ಸೆಕೆಂಡಿನವನು. ನಾಯ್ತೋನ ಗುಂಪಿನಲ್ಲೇ ಇದ್ದು ಹಿಂದಿನ ವರ್ಷ ಬಿಟ್ಟುಹೋದವನು. ನಾಯ್ತೋ ಗೆದ್ದು ಮೈಕು ಹಿಡಿದ. ಆಗ ಮತ್ತೆ ಪುಂಡರ ಗುಂಪು ಹಿಂದಿನಿಂದ ನುಗ್ಗಿತು. ಮೂರು ಗಂಟೆಗಳಿಂದ ಕುಳಿತಿದ್ದ ನಾನು ಎದ್ದು ನಿಂತೆ, ಇನ್ನೊಮ್ಮೆ ತಡೆದುಕೊಳ್ಳಲು ನನ್ನಿಂದಾಗದು ಎಂದು. ಆಗ ಈಗಷ್ಟೇ ಸೋತ ಸನಾದಾ ಎದ್ದು ಬಂದು ಅವರನ್ನು ಹೊಡೆದು ಓಡಿಸಿದ, ನಾಯ್ತೋನ ಕಡೆ ತಿರುಗಿಯೂ ನೋಡದೆ ಹೊರಟುಹೋದ. ನಾಯ್ತೋ ಹೆಸರುಗಳನ್ನು ಕೂಗತೊಡಗಿದ. ಮತ ಹಾಕಿ ಅವನನ್ನು ಕೆಳಗಿಳಿಸಿ ಸರಿಯಾಗಿ ಹತ್ತು ವರ್ಷವಾಗಿತ್ತು. ಆವತ್ತು ಮತ ಹಾಕಿದ ಎಷ್ಟೋ ಜನ ಆ ಡೋಮ್‌ನಲ್ಲಿ ಇದ್ದಿರಲೇಬೇಕು, ಜೊತೆಗೂಡಿ ಕೂಗಿರಲೇಬೇಕು.

ನಾಯ್ತೋ 2025ರ ಮೇ ತಿಂಗಳಲ್ಲಿ ಸಂಸ್ಥೆ ಬಿಟ್ಟ. ಓಕಾದಾ ಅದಕ್ಕೂ ಮೊದಲೇ ಅಮೆರಿಕಕ್ಕೆ ಹೋಗಿದ್ದ. ತಾನಾಹಾಶಿಗೆ 2025ರದೇ ಕೊನೆಯ ಜಿ ಒನ್. 2024ರಲ್ಲಿ ಸೇಬರ್ ಗೆದ್ದ, ಕೆನ್ನಿ ಒಮೆಗಾ ನಂತರ ಗೆದ್ದ ಎರಡನೆಯ ವಿದೇಶಿ. 2025ರಲ್ಲಿ ಕೊನೊಸುಕೆ ತಾಕೆಶಿತಾ. ನನ್ನ ಪಟ್ಟಿಯ ಎಡಬದಿಯಲ್ಲಿ ಈಗ ಅರ್ಧಕ್ಕರ್ಧ ಹೊಸ ಹೆಸರುಗಳು. ಅವರ ಹಿಂದೆ ಇನ್ನೂ ಸೋಲುಗಳು ಸಾಲದು, ಆದ್ದರಿಂದ ಸದ್ಯಕ್ಕೆ ನನಗೆ ಸ್ವಲ್ಪ ಸಪ್ಪೆ. ಇದು ಅವರ ತಪ್ಪಲ್ಲ.

ಗಂಟೆ ಆಯಿತು ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ, ನೊಕೊರಿ ಇಪ್ಪುನ್. ಹಿಂದಿನ ಮೇಜಿನ ಮೇಲೆ ಖಾಲಿ ಚೌಕದ ಮೂವತ್ತು ಜೆರಾಕ್ಸ್ ಪ್ರತಿ ಇಟ್ಟಿದ್ದೇನೆ. ಬೇಕಾದವರು ತೆಗೆದುಕೊಳ್ಳಿ. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನು ಬೇಡ. ಫಲಿತಾಂಶವನ್ನು ಮೊದಲೇ ಮೊಬೈಲಿನಲ್ಲಿ ನೋಡಿಬಿಟ್ಟವರು ಪಕ್ಕದವರಿಗೆ ದಯವಿಟ್ಟು ಹೇಳಬೇಡಿ.